ಜೋರಿನ ಟೀಚರಾ, ಪಾಪದ ಟೀಚರಾ? ತರಗತಿಯಲ್ಲಿ ಮಕ್ಕಳ ನಂಬಿಕೆ ಗಳಿಸುವ ಬಗೆ

ಮಂಗಳೂರು, ಉಡುಪಿ ಕಡೆಯ ಶಾಲೆಗಳಲ್ಲಿ ಹೊಸ ತರಗತಿಗೆ ಹೋಗುವ ಮಕ್ಕಳು ಮೇಲಿನ ತರಗತಿಯವರನ್ನು ಮೊದಲು ಕೇಳುವುದು ಇದನ್ನೇ: "ಆ ಟೀಚರ್ ಜೋರಾ?" ಉತ್ತರವೂ ಎರಡೇ ಬಗೆ. "ಅಯ್ಯೋ ಮಾರಾಯ, ಭಯಂಕರ ಜೋರು" ಅಥವಾ "ಇಲ್ಲ, ಪಾಪದ ಟೀಚರ್", ಅಂದರೆ ಮೆದು ಸ್ವಭಾವದವರು. ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಅಂದುಕೊಳ್ಳುತ್ತಾರೆ. ಜೋರಾದರೆ ಮಕ್ಕಳು ದೂರ, ಪಾಪವಾದರೆ ತರಗತಿ ಸಂತೆ.

ಮಕ್ಕಳ ಲೆಕ್ಕದಲ್ಲಿ ಮೂರನೆಯದೊಂದು ಬಗೆಯಿದೆ: ಮುಖ ನೋಡಿ ಮಾತಾಡಬೇಕಾದ ಟೀಚರ್. ನಿನ್ನೆ ನಕ್ಕ ಮಾತಿಗೆ ಇವತ್ತು ಸಿಡುಕುವವರು, ಒಬ್ಬನಿಗೆ ಬಿಟ್ಟ ತಪ್ಪಿಗೆ ಇನ್ನೊಬ್ಬನನ್ನು ನಿಲ್ಲಿಸುವವರು. ಮಕ್ಕಳು ನಂಬದೇ ಇರುವುದು ಇವರನ್ನು. ಜೋರಿನವರನ್ನಾದರೂ ನಂಬುತ್ತಾರೆ, ನಾಳೆಯೂ ಅಷ್ಟೇ ಜೋರು, ಎಲ್ಲರಿಗೂ ಅಷ್ಟೇ ಜೋರು ಅಂತ ಗೊತ್ತಿದ್ದರೆ. ಕೆಳಗೆ ಹೇಳುವ ಕೆಲಸಗಳೆಲ್ಲ ಇದೊಂದನ್ನೇ ಸುತ್ತುತ್ತವೆ: ಈ ಟೀಚರ್ ನಾಳೆ ಹೇಗಿರುತ್ತಾರೆ ಅಂತ ಮಗುವಿಗೆ ಇವತ್ತೇ ಗೊತ್ತಿರಬೇಕು.

ಹೆಸರಿನಿಂದ ಶುರು

ನಲವತ್ತು ಮಕ್ಕಳ ತರಗತಿಯಾದರೆ ಐದು ದಿನ, ದಿನಕ್ಕೆ ಎಂಟು ಹೆಸರು. ಮೊದಲ ದಿನ ಯಾರು ಎಲ್ಲಿ ಕೂತಿದ್ದಾರೆಂದು ಒಂದು ಹಾಳೆಯಲ್ಲಿ ಬೆಂಚುಗಳ ನಕ್ಷೆ ಬರೆದು ಹೆಸರು ತುಂಬಿಸಿ. ಮೊದಲ ಎರಡು ವಾರ ಜಾಗ ಬದಲಿಸಬೇಡಿ. ಬದಲಿಸಿದರೆ ಕಲಿತದ್ದೆಲ್ಲ ಕಲಸಿಹೋಗುತ್ತದೆ. ತಿದ್ದಿದ ಪುಸ್ತಕಗಳನ್ನು ಲೀಡರ್ ಕೈಯಲ್ಲಿ ಹಂಚಿಸದೆ ನೀವೇ ಬೆಂಚಿನ ಹತ್ತಿರ ಹೋಗಿ ಕೊಡಿ. ಪುಸ್ತಕದ ಮೇಲೆ ಹೆಸರಿದೆ, ಎದುರಿಗೆ ಮುಖವಿದೆ. ಹೆಸರು ಕಲಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಸಂಜೆ ಸ್ಟಾಫ್ ರೂಮಿನಲ್ಲಿ ನಕ್ಷೆಯ ಮೇಲೆ ಕೈ ಇಟ್ಟು ಎಂಟು ಹೆಸರು ಹೇಳಿ ನೋಡಿ. ಮರೆತವರನ್ನು ಮರುದಿನದ ಎಂಟರ ಜೊತೆ ಸೇರಿಸಿಕೊಳ್ಳಿ.

ಹೆಚ್ಚಿನ ತರಗತಿಗಳಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಇರುತ್ತಾರೆ. "ದೊಡ್ಡ ಪ್ರಜ್ವಲ್, ಸಣ್ಣ ಪ್ರಜ್ವಲ್" ಅಂತ ಶುರುಮಾಡಿದರೆ ವಾರದೊಳಗೆ ಮಕ್ಕಳು ಅದನ್ನು "ತೋರ ಪ್ರಜ್ವಲ್" ಮಾಡುತ್ತಾರೆ, ಆ ಹೆಸರು ಹತ್ತನೇ ತರಗತಿ ದಾಟಿದರೂ ಬಿಡುವುದಿಲ್ಲ. ಇನಿಷಿಯಲ್ ಸೇರಿಸಿ ಕರೆಯಿರಿ, ಇಲ್ಲವೇ ಹೇಗೆ ಕರೆಯಬೇಕೆಂದು ಅವರನ್ನೇ ಕೇಳಿ.

ಇನ್ನೊಂದು ಅಭ್ಯಾಸ ನಮ್ಮ ಕಡೆ ಎಷ್ಟು ಸಲೀಸಾಗಿದೆಯೆಂದರೆ ಯಾರಿಗೂ ಅದು ತಪ್ಪು ಅನಿಸುವುದೇ ಇಲ್ಲ: "ಏನು ಶೆಟ್ರೇ, ಹೋಂವರ್ಕ್ ಆಯ್ತಾ?", "ಭಟ್ರು ಇವತ್ತು ಲೇಟಾ?" ಪ್ರೀತಿಯಿಂದಲೇ ಹೇಳುವ ಮಾತು, ಮಕ್ಕಳೂ ನಗುತ್ತಾರೆ. ಆದರೆ ಅದೇ ಬೆಂಚಿನಲ್ಲಿ, ಸಮುದಾಯದ ಹೆಸರು ಹಿಡಿದು ಕರೆದರೆ ಬೈಗುಳವಾಗುವ ಮಗುವೂ ಕೂತಿದೆ. ಅವನನ್ನು ಏನೆಂದು ಕರೆಯುತ್ತೀರಿ? ಅವನಿಗೆ ಬರೇ ಹೆಸರು, ಪಕ್ಕದವನಿಗೆ "ಶೆಟ್ರೇ". ಇಬ್ಬರಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಎಲ್ಲರಿಗೂ ಹೆಸರೊಂದೇ ಸಾಕು. ಹೆಸರಿನ ಉಚ್ಚಾರವನ್ನೂ ಕೇಳಿ ತಿಳಿದುಕೊಳ್ಳಿ. ಬಿಹಾರ, ಒಡಿಶಾದಿಂದ ಬಂದವರ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಒಂದು ರೀತಿ ಇರುತ್ತದೆ, ಮನೆಯಲ್ಲಿ ಕರೆಯುವುದು ಇನ್ನೊಂದು ರೀತಿ.

ಬಾಗಿಲಲ್ಲಿ ಒಂದು ನಿಮಿಷ

ಮೊದಲ ಪೀರಿಯಡ್‌ಗೆ ಬೆಲ್ ಆಗುವ ಮೊದಲೇ ಬಾಗಿಲಲ್ಲಿ ನಿಂತಿರಿ. ಒಳಗೆ ಬರುವ ಪ್ರತಿ ಮಗುವಿನ ಮುಖ ನೋಡಿ ಹೆಸರು ಹೇಳಿದರೆ ಸಾಕು. ಕೈ ಕುಲುಕುವುದು, ಪೋಸ್ಟರ್ ತೋರಿಸಿ "ಇವತ್ತು ನಿನ್ನ ಮೂಡ್ ಯಾವುದು" ಎಂದು ಕೇಳುವುದು ಇವೆಲ್ಲ ವಿಡಿಯೋಗಳಲ್ಲಿ ಚೆಂದ, ಜೂನ್ ತಿಂಗಳ ಮಳೆಯಲ್ಲಿ ನಲವತ್ತು ಕೊಡೆಗಳ ನಡುವೆ ನಡೆಯುವಂಥದ್ದಲ್ಲ. ಮುಖ ನೋಡುವುದರಲ್ಲಿ ಇನ್ನೊಂದು ಲಾಭವಿದೆ: ಅತ್ತು ಬಂದವರು, ತಿಂಡಿ ತಿನ್ನದೆ ಬಂದವರು, ಜ್ವರ ಇಟ್ಟುಕೊಂಡು ಬಂದವರು ಅಲ್ಲಿಯೇ ಗೊತ್ತಾಗುತ್ತಾರೆ. ಅವರಿಗೆ ಆ ಪೀರಿಯಡ್‌ನಲ್ಲಿ ಪ್ರಶ್ನೆ ಕೇಳಲು ಹೋಗಬೇಡಿ.

ತಡವಾಗಿ ಬರುವವರ ವಿಷಯದಲ್ಲಿ ನಿಯಮ ಒಂದೇ ಇರಲಿ, ಅದನ್ನು ಮೊದಲ ವಾರವೇ ಹೇಳಿಬಿಡಿ: ಸದ್ದಿಲ್ಲದೆ ಬಂದು ಕೂರುವುದು, ಕಾರಣ ಪೀರಿಯಡ್ ಮುಗಿದ ಮೇಲೆ ಹೇಳುವುದು. ಬಾಗಿಲಲ್ಲಿ ನಿಲ್ಲಿಸಿ ವಿಚಾರಣೆ ಮಾಡಿದರೆ ಪಾಠದ ಐದು ನಿಮಿಷ ಹೋಗುತ್ತದೆ, ಮಗುವಿನ ಮರ್ಯಾದೆಯೂ ಹೋಗುತ್ತದೆ. ಮಳೆಗಾಲದಲ್ಲಿ ಕಾಲುಸಂಕ, ಅಂದರೆ ಹಳ್ಳಕ್ಕೆ ಅಡ್ಡ ಹಾಕಿದ ಕಿರುಸೇತುವೆ ದಾಟಿ ಬರುವ ಮಗು ತೋಡಿನಲ್ಲಿ ನೀರು ಇಳಿಯಲೆಂದು ಕಾದು ಬಂದಿರಬಹುದು. ಹಾಗೆ ಕಾದದ್ದು ಸರಿಯಾದ ಕೆಲಸ. ಅದಕ್ಕೆ ಬೈಸಿಕೊಂಡ ಮಗು ಮರುದಿನ ಕಾಯದೇ ದಾಟಲು ನೋಡುತ್ತದೆ. ಸಂಕ ದಾಟಿ ಬರುವವರು ಯಾರು, ಒಂದೇ ಬಸ್ಸನ್ನು ನಂಬಿಕೊಂಡವರು ಯಾರು ಎಂದು ಜೂನ್ ಮೊದಲ ವಾರವೇ ಪಟ್ಟಿ ಮಾಡಿಟ್ಟುಕೊಳ್ಳಿ. ಆ ಪಟ್ಟಿಯಲ್ಲಿಲ್ಲದವರು ಒಂದೇ ವಾರದಲ್ಲಿ ಮೂರು ಸಲ ತಡವಾದರೆ ಆಗ ವಿಚಾರಿಸಿ.

ಮನೆಮಾತು, ಶಾಲೆಮಾತು

ಮಂಗಳೂರಿನ ಒಂದು ಸಾಮಾನ್ಯ ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಕೆಲವೊಮ್ಮೆ ಮಲಯಾಳಂ, ಹಿಂದಿ ಎಲ್ಲವೂ ಒಟ್ಟಿಗೆ ಕೂತಿರುತ್ತವೆ. ಕುಂದಾಪುರ ಕಡೆ ಕನ್ನಡವೇ ಮನೆಮಾತು, ಆದರೆ ಪಠ್ಯಪುಸ್ತಕದ ಕನ್ನಡಕ್ಕೂ ಅದಕ್ಕೂ ದೂರವಿದೆ. ಕಟ್ಟಡ ಕೆಲಸಕ್ಕೆಂದು ಬಾಗಲಕೋಟೆ, ವಿಜಯಪುರ, ಕೊಪ್ಪಳದಿಂದ ಬಂದವರ ಮಕ್ಕಳ ಕನ್ನಡ ಮತ್ತೊಂದು ಬಗೆ. ಟೀಚರ್ ಮತ್ತು ಮಕ್ಕಳ ನಡುವಿನ ಎಷ್ಟೋ ಮನಸ್ತಾಪಗಳು ಇಲ್ಲಿಯೇ ಹುಟ್ಟುತ್ತವೆ, ಅವು ಭಾಷೆಯಿಂದ ಹುಟ್ಟಿದ್ದೆಂದು ಯಾರಿಗೂ ಹೊಳೆಯುವುದಿಲ್ಲ.

ಒಂದನೇ ತರಗತಿಯ ಮಗು "ಟೀಚರ್, ನೀನು ನಾಳೆ ಬರ್ತಿಯಾ?" ಅನ್ನುತ್ತದೆ. ಮನೆಯಲ್ಲಿ ಅಮ್ಮನ ಹತ್ತಿರ ಏಕವಚನದಲ್ಲೇ ಮಾತಾಡುವ ಮಗು ಅದು. ತುಳುವಿನ 'ಈ' ಮತ್ತು 'ಈರ್' ಗೊತ್ತಿದ್ದರೂ ಕನ್ನಡದಲ್ಲಿ ಯಾವುದು ಯಾವುದಕ್ಕೆ ಸಮ ಅಂತ ಇನ್ನೂ ಹಿಡಿತಕ್ಕೆ ಬಂದಿರುವುದಿಲ್ಲ. "ದೊಡ್ಡವರಿಗೆ ಹೀಗೆ ಹೇಳುವುದಾ?" ಎಂದು ಗದರಿಸಿದರೆ ಆ ಮಗು ಮುಂದೆ ಪ್ರಶ್ನೆ ಕೇಳುವುದನ್ನೇ ಬಿಡುತ್ತದೆ. ಬದಲಿಗೆ ಉತ್ತರ ಕೊಡುವಾಗ ಸರಿಯಾದ ರೂಪ ಸೇರಿಸಿ: "'ನೀವು ನಾಳೆ ಬರ್ತೀರಾ' ಅಂತ ಕೇಳಿದ್ದಲ್ವಾ? ಹೌದು, ಬರ್ತೇನೆ." ಹತ್ತು ಸಲ ಕೇಳಿದರೆ ತಾನಾಗಿ ಬರುತ್ತದೆ.

ಬಾಗಲಕೋಟೆಯ ಹುಡುಗ ಎದ್ದುನಿಂತು "ಸರ್ರ, ನೀರ್ ಕುಡ್ಯಾಕ ಹೋಗ್ಲಿನ್ರಿ?" ಅಂದಾಗ ಇಡೀ ತರಗತಿ ನಗುತ್ತದೆ. ಆ ಎರಡು ಸೆಕೆಂಡಿನಲ್ಲಿ ಎಲ್ಲರೂ ನೋಡುವುದು ನಿಮ್ಮ ಮುಖವನ್ನು. ತುಟಿಯಂಚಿನಲ್ಲಿ ನಗು ಕಂಡರೂ ಆಯಿತು, ವರ್ಷವಿಡೀ ಅವನನ್ನು ಅಣಕಿಸಲು ಪರವಾನಗಿ ಸಿಕ್ಕಿದ ಹಾಗೆ. ಸಹಜವಾಗಿ "ಹೋಗಿ ಬಾ" ಅನ್ನಿ, ನಕ್ಕವರಿಗೆ ಆಗಲೇ ಭಾಷಣ ಬೇಡ, ಪಾಠ ಮುಂದುವರಿಸಿ. ಎರಡು ಮೂರು ದಿನ ಬಿಟ್ಟು ಬೋರ್ಡಿನಲ್ಲಿ ಒಂದು ಮಾತು ಬರೆಯಿರಿ, 'ಏನು' ಅನ್ನುವುದನ್ನೇ ತೆಗೆದುಕೊಳ್ಳಿ. ನಿಮ್ಮ ಮನೆಯಲ್ಲಿ ಇದಕ್ಕೆ ಏನು ಹೇಳುತ್ತಾರೆಂದು ಕೇಳಿ. ಎಂತ, ದಾನೆ, ಕಿತೆಂ, ಏನ್ರಿ ಒಂದೊಂದಾಗಿ ಬರುತ್ತವೆ. ಬ್ಯಾರಿ ಮಕ್ಕಳು ತಮ್ಮದನ್ನು ಸೇರಿಸುತ್ತಾರೆ. ಹತ್ತು ನಿಮಿಷದ ಕೆಲಸ. ಅವನ ಮಾತು ಅಲ್ಲಿ ಸಾಲಿನಲ್ಲಿ ಒಂದಾಗುತ್ತದೆ, ನಗಲು ಏನೂ ಉಳಿಯುವುದಿಲ್ಲ.

ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನೂ ಇಲ್ಲೇ ಹೇಳಬೇಕು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡದ್ದು: ಟೀಚರುಗಳು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ. ತುಳುವಿನಲ್ಲಿ ಯೋಚಿಸಿ ಕನ್ನಡಕ್ಕೋ ಇಂಗ್ಲಿಷಿಗೋ ತಿರುಗಿಸಿ ಹೇಳಬೇಕಾದ ಮಗುವಿಗೆ ಮೂರೂ ಸಾಲದು, ಐದು ಎಣಿಸಿ. ಮನಸ್ಸಿನಲ್ಲೇ ಎಣಿಸಿ, ಬೆರಳು ಚಿಟಿಕೆ ಹಾಕುತ್ತಾ ಎಣಿಸಬೇಡಿ. ಆಗಲೂ ಬರಲಿಲ್ಲವಾದರೆ "ನಿನ್ನ ಭಾಷೆಯಲ್ಲೇ ಹೇಳು" ಅನ್ನಿ. ನಿಮಗೆ ಅರ್ಥವಾಗದಿದ್ದರೆ ತರಗತಿಯಲ್ಲಿ ಯಾರಾದರೂ ತಿರುಗಿಸಿ ಹೇಳುತ್ತಾರೆ.

ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ತುಳು ಅಥವಾ ಕನ್ನಡ ಮಾತಾಡಿದರೆ ದಂಡ ಹಾಕುವ ಪದ್ಧತಿಯಿದ್ದರೆ ಈ ಲೇಖನದ ಉಳಿದ ಯಾವ ಉಪಾಯವೂ ಅಲ್ಲಿ ನಾಟುವುದಿಲ್ಲ. ಅಮ್ಮನ ಮಾತಿಗೆ ಐದು ರೂಪಾಯಿ ದಂಡ ಕೇಳುವವರನ್ನು ಯಾವ ಮಗು ತನ್ನವರೆಂದುಕೊಳ್ಳುತ್ತದೆ?

ಎರಡು ನಿಮಿಷ, ಹತ್ತು ದಿನ

ಪ್ರತಿ ತರಗತಿಯಲ್ಲೂ ಒಬ್ಬ ಇರುತ್ತಾನೆ. ಅಥವಾ ಒಬ್ಬಳು. ಬೈದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅಂಥವರಿಗೆಂದೇ ಶಿಕ್ಷಕರ ನಡುವೆ ಬಳಕೆಯಲ್ಲಿರುವ ಒಂದು ವಿಧಾನವಿದೆ: ಆ ಒಬ್ಬ ಮಗುವಿನ ಜೊತೆ ದಿನಕ್ಕೆ ಎರಡು ನಿಮಿಷ, ಬಿಡದೆ ಹತ್ತು ಶಾಲಾದಿನ, ಪಾಠವನ್ನೂ ನಡತೆಯನ್ನೂ ಬಿಟ್ಟು ಬೇರೆ ಏನಾದರೂ ಮಾತಾಡುವುದು. ಕೇಳಲು ಸುಲಭ. ಕೆಡುವುದು ವಿವರಗಳಲ್ಲಿ.

ಜಾಗ: ಸ್ಟಾಫ್ ರೂಮಿಗೆ ಕರೆಸಬೇಡಿ, ಅಲ್ಲಿಗೆ ಕರೆಸಿದರೆ ಬೈಸಿಕೊಳ್ಳಲಿಕ್ಕೇ ಎಂದು ಎಲ್ಲ ಮಕ್ಕಳಿಗೂ ಗೊತ್ತು. ಬಿಸಿಯೂಟ ಮುಗಿಸಿ ತಟ್ಟೆ ತೊಳೆಯುವ ನಳ್ಳಿಯ ಹತ್ತಿರ, ಸಂಜೆ ಗೇಟಿನ ದಾರಿಯಲ್ಲಿ, ಮೈದಾನದ ಬದಿಯಲ್ಲಿ. ಬೇರೆಯವರಿಗೆ ಕಾಣುವ, ಆದರೆ ಕೇಳಿಸದ ಜಾಗ.

ವಿಷಯ: ಅವನಿಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದ್ದು. ಲೆಕ್ಕದಲ್ಲಿ ಸೊನ್ನೆ ತೆಗೆದವನು ಅಷ್ಟಮಿಗೋ ದಸರಾಕ್ಕೋ ತಾಸೆ ವಾದ್ಯಕ್ಕೆ ಹುಲಿವೇಷ ಹಾಕಿ ಕುಣಿಯುವವನಾಗಿರಬಹುದು. "ತಾಸೆಯ ಪೆಟ್ಟು ಬದಲಾದದ್ದು ಹೇಗೆ ಗೊತ್ತಾಗ್ತದೆ ನಿನಗೆ?", "ಬಣ್ಣ ಹಾಕಿದ ಮೇಲೆ ಒಣಗುವವರೆಗೆ ನಿಂತುಕೊಂಡೇ ಇರಬೇಕಾ?", "ಅಕ್ಕಿಮುಡಿ ಹಲ್ಲಿನಲ್ಲಿ ಎತ್ತುವವರು ಕುತ್ತಿಗೆ ಹೇಗೆ ಇಟ್ಟುಕೊಳ್ತಾರೆ?" ಇಂಥ ಪ್ರಶ್ನೆಗೆ ಅವನೇ ಮಾಷ್ಟ್ರು, ನೀವು ವಿದ್ಯಾರ್ಥಿ. ಹುಲಿ ಇಲ್ಲದಿದ್ದರೆ ಕಬಡ್ಡಿ, ಯಕ್ಷಗಾನ, ಗಾಳ ಹಾಕುವುದು, ಅಣ್ಣನ ಬೈಕು. ಹುಡುಗಿಯಾದರೆ ಪುಟ್ಟ ತಂಗಿಯನ್ನು ನೋಡಿಕೊಳ್ಳುವುದೇ ಅವಳ ಇಡೀ ಸಂಜೆಯಾಗಿರಬಹುದು, ಅದನ್ನೇ ಕೇಳಿ.

ಮೊದಲ ಮೂರು ದಿನ "ಹ್ಞಾಂ", "ಗೊತ್ತಿಲ್ಲ", ಹೆಗಲು ಕುಣಿಸುವುದು ಇಷ್ಟೇ ಸಿಗುವುದು. ಇದು ಸರಿ. ಅವನು ಇದರ ಹಿಂದೆ ಏನಿದೆಯೆಂದು ನೋಡುತ್ತಿದ್ದಾನೆ. ಹೆಚ್ಚಿನವರು ನಾಲ್ಕನೇ ದಿನಕ್ಕೆ ಬಿಡುತ್ತಾರೆ, ಬಿಟ್ಟರೆ ಮೊದಲಿಗಿಂತ ಹಾಳು: ಇವರದ್ದೂ ಎರಡು ದಿನದ ನಾಟಕ ಅಂತ ಅವನಿಗೆ ಖಾತ್ರಿಯಾಯಿತು. ಮಧ್ಯೆ ಜಿಲ್ಲಾಧಿಕಾರಿ ಮಳೆರಜೆ ಕೊಟ್ಟರೆ ಎಣಿಕೆ ಮುಂದುವರಿಸಿ, ಮೊದಲಿನಿಂದ ಬೇಡ.

ಅತಿ ದೊಡ್ಡ ತಪ್ಪು ಇನ್ನೊಂದು. ಎಂಟು ದಿನ ಚೆನ್ನಾಗಿ ಮಾತಾಡಿ ಒಂಬತ್ತನೇ ದಿನ ಲೆಕ್ಕ ತಪ್ಪಿದಾಗ "ಹುಲಿ ಕುಣಿಯುವಾಗ ಎಷ್ಟು ಉಷಾರು, ಇದು ಯಾಕೆ ತಲೆಗೆ ಹೋಗುವುದಿಲ್ಲ?" ಅಂದುಬಿಡುವುದು. ಅವನು ನಂಬಿ ಕೊಟ್ಟ ಮಾತನ್ನು ಎತ್ತಿ ಅವನಿಗೇ ಹೊಡೆದ ಹಾಗೆ. ಇನ್ನು ಅವನು ಏನೂ ಹೇಳುವುದಿಲ್ಲ. ಒಂದು ಸಲಕ್ಕೆ ಒಂದೇ ಮಗುವನ್ನು ತೆಗೆದುಕೊಳ್ಳಿ. ಜೂನ್‌ನಿಂದ ದಸರಾ ರಜೆಯವರೆಗೆ ಆರು ಮಕ್ಕಳಿಗೆ ಮಾಡಿದರೂ ದೊಡ್ಡದೇ.

ಬೈಯಬೇಕಾದಾಗ

ತಪ್ಪು ತಿದ್ದದಿದ್ದರೆ ಸಂಬಂಧ ಬೆಳೆಯುತ್ತದೆಂಬುದು ಸುಳ್ಳು. ಯಾರೂ ತಿದ್ದದ ತರಗತಿಯಲ್ಲಿ ಮೊದಲು ಪೆಟ್ಟು ತಿನ್ನುವವರು ಮೆದು ಮಕ್ಕಳು. ಪ್ರಶ್ನೆಯಿರುವುದು ಹೇಗೆ ಎಂಬುದರಲ್ಲಿ.

ಮಗುವಿನ ಬೆಂಚಿನ ಹತ್ತಿರ ಹೋಗಿ, ಬಗ್ಗಿ, ಅವನಿಗೊಬ್ಬನಿಗೇ ಕೇಳಿಸುವ ದನಿಯಲ್ಲಿ ಮೂರು ವಾಕ್ಯ. ಕಂಡದ್ದೇನು: "ಎರಡನೇ ಸಲ ಅವನ ಪೆನ್ ತೆಗೆದೆ." ಆಗಬೇಕಾದದ್ದೇನು: "ಈಗ ವಾಪಸು ಕೊಡು." ಮತ್ತೆ ಯಾವಾಗ ನೋಡುತ್ತೀರಿ: "ಬೆಲ್ ಆದ ಮೇಲೆ ನನ್ನ ಹತ್ತಿರ ಬಾ." ಅಲ್ಲಿಂದ ಹೊರಟುಬಿಡಿ. ಎದುರಿಗೇ ನಿಂತು ಕಾದರೆ ಸೋಲಲು ಅವನಿಗೆ ಮನಸ್ಸಾಗುವುದಿಲ್ಲ, ಗೆಳೆಯರೆಲ್ಲ ನೋಡುತ್ತಿದ್ದಾರೆ. ಬೆನ್ನು ತಿರುಗಿಸಿದರೆ ಪೆನ್ ತಾನಾಗಿ ವಾಪಸು ಹೋಗುತ್ತದೆ.

ಆ ಮೂರು ವಾಕ್ಯಗಳಲ್ಲಿ ಬರಬಾರದ್ದು: ಅಪ್ಪನ ಕುಡಿತ, ಮನೆಯ ಕಷ್ಟ, ಊರು, ಸಮುದಾಯ, ಮತ್ತು "ನಿನ್ನ ಅಕ್ಕ ಎಷ್ಟು ಉಷಾರಿದ್ದಳು" ಎಂಬ ಮಾತು. ಕೊನೆಯದ್ದನ್ನು ಹೇಳುವವರು ಒಳ್ಳೆಯದಕ್ಕೇ ಹೇಳುತ್ತಾರೆ. ಮಗು ಅಲ್ಲಿಂದ ಅಕ್ಕನನ್ನೂ ಟೀಚರನ್ನೂ ಒಟ್ಟಿಗೆ ದ್ವೇಷಿಸಲು ಕಲಿಯುತ್ತದೆ.

ಒಬ್ಬ ಮಾಡಿದ ತಪ್ಪಿಗೆ ಇಡೀ ತರಗತಿಯನ್ನು ನಿಲ್ಲಿಸಬೇಡಿ. ಹೊರಗೆ ಜಗಲಿಗೆ ಕಳಿಸುವುದೂ ಉಪಯೋಗವಿಲ್ಲ: ಪಾಠ ತಪ್ಪುತ್ತದೆ, ಮಳೆಯ ಎರಚಲು ತಿನ್ನುತ್ತಾನೆ, ದಾರಿಯಲ್ಲಿ ಹೋಗುವ ಬೇರೆ ತರಗತಿಯವರಿಗೆ ಹೀರೋ ಆಗುತ್ತಾನೆ. ಹೊಡೆಯುವ ವಿಷಯದಲ್ಲಿ ಚರ್ಚೆಗೇ ಜಾಗವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. "ನಾಲ್ಕು ಕೊಡಿ ಟೀಚರ್, ನಮ್ಮದೇನೂ ಅಡ್ಡಿಯಿಲ್ಲ" ಎಂದು ಹೆತ್ತವರು ಹೇಳಿದರೂ ಆ ಅಧಿಕಾರ ನಿಮಗೆ ಬರುವುದಿಲ್ಲ.

ಬೆಳಿಗ್ಗೆ ನಿದ್ದೆ ತೂಗುವವರನ್ನು ಎಬ್ಬಿಸಿ ನಿಲ್ಲಿಸುವ ಮೊದಲು ರಾತ್ರಿ ಊರಲ್ಲಿ ಏನಿತ್ತೆಂದು ಕೇಳಿ. ಡಿಸೆಂಬರಿನಿಂದ ಈಚೆಗೆ ಮನೆ ಹತ್ತಿರವೇ ಭೂತಕೋಲವೋ ಯಕ್ಷಗಾನದ ಆಟವೋ ಇದ್ದರೆ ಮಗು ಬೆಳಗಿನವರೆಗೆ ಅಲ್ಲೇ ಇತ್ತೆಂದು ಲೆಕ್ಕ. ಮುಖ ತೊಳೆದು ಬರಲು ಕಳಿಸಿ, ಸಾಧ್ಯವಾದರೆ ಕಷ್ಟದ ಪಾಠ ಆ ದಿನ ಮಧ್ಯಾಹ್ನಕ್ಕೆ ಹಾಕಿ. ವಾರಗಟ್ಟಲೆ ಹೀಗೇ ಆದರೆ ಕಾರಣ ಬೇರೆ ಇದೆ: ಮೊಬೈಲ್, ಮನೆಯ ಜಗಳ, ರಾತ್ರಿ ಕೆಲಸ.

ಇಷ್ಟೆಲ್ಲಾ ಮಾಡಿ ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಅವನ ಹೆಸರು ಹೇಳದೆ ಮುಖ ತಿರುಗಿಸಿದರೆ ಎಲ್ಲ ನೀರಲ್ಲಿ ಹೋಮ. ನಿನ್ನೆಯದು ನಿನ್ನೆಗೆ ಮುಗಿಯಿತೆಂದು ಅವನಿಗೆ ಗೊತ್ತಾಗುವುದು ಆ ಹೆಸರಿನಿಂದಲೇ. ಇನ್ನು, ತಪ್ಪು ನಿಮ್ಮದೇ ಆಗಿದ್ದರೆ ಎಲ್ಲಿ ಬೈದಿರೋ ಅಲ್ಲೇ ಕ್ಷಮೆ ಕೇಳಿ. ತರಗತಿಯ ಎದುರು ಬೈದು ಜಗಲಿಯಲ್ಲಿ ಒಬ್ಬನೇ ಇರುವಾಗ "ಸಾರಿ" ಅನ್ನುವುದು ಅರ್ಧ ಕೆಲಸ. "ನಿನ್ನೆ ನಾನು ಸರಿಯಾಗಿ ಕೇಳದೆ ಬೈದೆ, ಅದು ನನ್ನ ತಪ್ಪು" ಎಂದರೆ ಸಾಕು. ಕಾರಣ ವಿವರಿಸಲು ಹೋದರೆ ಅದು ವಾದವಾಗುತ್ತದೆ.

ಅಂಕಗಳು

2024ರ ಎಸ್‌ಎಸ್‌ಎಲ್‌ಸಿಯಲ್ಲಿ ಉಡುಪಿ, 2025ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು. ಸಂತೋಷವೇ. ಆದರೆ ಆ ಸ್ಥಾನ ಉಳಿಸಿಕೊಳ್ಳುವ ಒತ್ತಡ ಮೇಲಿನಿಂದ ಇಳಿಯುತ್ತಾ ಬಂದು ಕೊನೆಗೆ ಕೂರುವುದು ಹಿಂದಿನ ಬೆಂಚಿನ ನಾಲ್ವರ ಮೇಲೆ. "ನಿಮ್ಮಿಂದ ಶಾಲೆಯ ರಿಸಲ್ಟ್ ಹಾಳು" ಎಂಬ ಮಾತು ಕೇಳಿದ ಮಗು ಫೆಬ್ರವರಿಯ ವಿಶೇಷ ತರಗತಿಯಲ್ಲಿ ಕೂತಿದ್ದರೂ ಅಲ್ಲಿರುವುದಿಲ್ಲ.

ಉತ್ತರಪತ್ರಿಕೆಗಳನ್ನು ಅಂಕದ ಕ್ರಮದಲ್ಲಿ ಜೋಡಿಸಿ ಹಂಚಬೇಡಿ, ಹಾಜರಿಯ ಕ್ರಮದಲ್ಲಿ ಕೊಡಿ. ಅಂಕ ಓದಿ ಹೇಳಬೇಡಿ. ನೋಟ್ಸ್ ಪುಸ್ತಕದಲ್ಲಿ 'ಗುಡ್' ಬದಲು ಒಂದೇ ಒಂದು ಖಚಿತ ವಾಕ್ಯ: "ಮೂರನೇ ಲೆಕ್ಕದಲ್ಲಿ ದಶಮಾಂಶ ಸರಿ ಇಟ್ಟಿದ್ದಿ, ನಾಲ್ಕರಲ್ಲಿ ಮರೆತೆ." ಇದನ್ನು ಬರೆಯಲು ಒಂದು ನಿಮಿಷ ಬೇಕು. ನಲವತ್ತು ಪುಸ್ತಕಕ್ಕೆ ದಿನವೂ ಆಗುವ ಕೆಲಸವಲ್ಲ; ದಿನಕ್ಕೆ ಎಂಟು ಪುಸ್ತಕಕ್ಕೆ ಹೀಗೆ, ಉಳಿದವಕ್ಕೆ ಸಹಿ. ವಾರದಲ್ಲಿ ಎಲ್ಲರಿಗೂ ಒಮ್ಮೆ ಸಿಗುತ್ತದೆ.

ಮನೆಯವರ ಹೊತ್ತು

ಶಾಲೆಯಿಂದ ಫೋನ್ ಬಂದರೆ ದೂರು ಎಂದೇ ಅರ್ಥ ಅಂತ ಮನೆಯವರು ತಿಳಿದಿರುತ್ತಾರೆ. ಹಾಗಾಗಿ ಜುಲೈ ಮುಗಿಯುವುದರೊಳಗೆ ಪ್ರತಿ ಮನೆಗೂ ಒಂದು ಒಳ್ಳೆಯ ಸುದ್ದಿ ಹೋಗಿರಲಿ. ಒಂದೇ ಮಾತು, ನಿಜವಾದದ್ದು: "ಇವತ್ತು ಹೊಸದಾಗಿ ಸೇರಿದ ಹುಡುಗಿಗೆ ಅವಳೇ ಜಾಗ ಮಾಡಿ ಕೊಟ್ಟಳು." ಮುಂದೆ ಎಂದಾದರೂ ದೂರು ಹೇಳಬೇಕಾಗಿ ಬಂದಾಗ ಅವರು ನಿಮ್ಮ ಮಾತು ಕೇಳಿಸಿಕೊಳ್ಳುತ್ತಾರೆ.

ಯಾವ ಮನೆಗೆ ಯಾವಾಗ ಎಂಬುದಕ್ಕೆ ಕರಾವಳಿಯದ್ದೇ ಪಂಚಾಂಗವಿದೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಮಲ್ಪೆಯದ್ದೋ ಮಂಗಳೂರು ದಕ್ಕೆಯದ್ದೋ ಬೋಟಿಗೆ ಹೋಗುವ ಅಪ್ಪಂದಿರು ಮನೆಯಲ್ಲಿ ಸಿಗುವುದು ಆಗ. ಆಗಸ್ಟ್ ಬಂತೆಂದರೆ ದಿನಗಟ್ಟಲೆ ಕಡಲಿನಲ್ಲಿ. ಯಕ್ಷಗಾನ ಮೇಳದ ಕಲಾವಿದರ ಮನೆಯಾದರೆ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ, ಅಂದರೆ ಮೇ 24-25ರ ನಂತರ ದೀಪಾವಳಿ ಸುಮಾರಿನವರೆಗೆ. ತಿರುಗಾಟದ ದಿನಗಳಲ್ಲಿ ಬೆಳಿಗ್ಗೆ ಫೋನ್ ಮಾಡಿದರೆ ರಾತ್ರಿಯಿಡೀ ಕುಣಿದು ಮಲಗಿದವರನ್ನು ಎಬ್ಬಿಸಿದಂತೆ. ಅಪ್ಪ ಗಲ್ಫ್‌ನಲ್ಲಿದ್ದರೆ ದುಬೈ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕತಾರ್, ಕುವೈತ್ ಎರಡೂವರೆ ಗಂಟೆ ಹಿಂದೆ. ಸೌದಿಯವರಿಗೆ ಶುಕ್ರವಾರ ರಜೆ. ನಮ್ಮ ಹನ್ನೊಂದು ಗಂಟೆಗೆ ಅಲ್ಲಿ ಎಂಟೂವರೆ, ಜುಮಾ ನಮಾಜಿಗೆ ಇನ್ನೂ ಹೊತ್ತಿದೆ. ಬೀಡಿ ಕಟ್ಟುವ ಅಮ್ಮಂದಿರಿಗೆ ಬ್ರಾಂಚಿಗೆ ಬೀಡಿ ಕೊಡಲು ಹೋಗುವ ಹೊತ್ತು ಬಿಟ್ಟು ಯಾವಾಗಲೂ ಆದೀತು, ಆದರೆ ಉದ್ದ ಮೆಸೇಜ್ ಓದಲು ಕೈ ಬಿಡುವಿರುವುದಿಲ್ಲ. ವಾಯ್ಸ್ ಮೆಸೇಜ್ ಕಳಿಸಿ. ನಿಮಗೆ ತುಳು ಬಂದರೆ ತುಳುವಿನಲ್ಲೇ.

ಮನೆಗೆ ಹೋಗುವುದಾದರೆ ಮೊದಲೇ ತಿಳಿಸಿ, ಇಬ್ಬರು ಟೀಚರುಗಳು ಹೋಗಿ, ಹದಿನೈದು ನಿಮಿಷದಲ್ಲಿ ಎದ್ದುಬಿಡಿ. ಡೈರಿ ತೆಗೆದು ಬರೆಯಬೇಡಿ, ಗೋಡೆ ಮಾಡು ನೋಡುತ್ತಾ ಕೂರಬೇಡಿ, ದೂರು ಹೇಳಬೇಡಿ. ನೀರು-ಬೆಲ್ಲವನ್ನೋ ಒಂದು ಲೋಟ ಚಾವನ್ನೋ ತಂದಿಡುತ್ತಾರೆ. ತೆಗೆದುಕೊಳ್ಳಿ. "ಈಗ ಬೇಡ, ಈಗಷ್ಟೇ ಆಯ್ತು" ಎಂದು ನೀವು ಸಹಜವಾಗಿ ಹೇಳಿರಬಹುದು. ಬಾಗಿಲ ಸಂದಿಯಿಂದ ನೋಡುತ್ತಿರುವ ಮಗು ಅದಕ್ಕೆ ಬೇರೆಯೇ ಕಾರಣ ಕಟ್ಟಿಕೊಳ್ಳುತ್ತದೆ, ಕೆಲವು ಮನೆಗಳಲ್ಲಿ ಹಾಗೆ ಕಟ್ಟಿಕೊಳ್ಳಲು ಹಳೆಯ ಅನುಭವವೂ ಇರುತ್ತದೆ. ಒಂದು ಗುಟುಕು ಕುಡಿದರೆ ಆ ಅನುಮಾನಕ್ಕೆ ಜಾಗವಿರುವುದಿಲ್ಲ.

ಎಲ್ಲಿ ನಿಲ್ಲಬೇಕು

ಆತ್ಮೀಯತೆ ಹೆಚ್ಚಿದಷ್ಟೂ ಗೆರೆ ಸ್ಪಷ್ಟವಾಗಿರಬೇಕು. ಮಕ್ಕಳ ಜೊತೆ ವೈಯಕ್ತಿಕ ವಾಟ್ಸಾಪ್ ಬೇಡ. ಹೇಳುವುದಿದ್ದರೆ ತರಗತಿಯ ಗ್ರೂಪಿನಲ್ಲಿ, ಇಲ್ಲವೇ ಹೆತ್ತವರ ನಂಬರಿಗೆ, ಸಂಜೆ ಏಳರ ಒಳಗೆ. ಗ್ರೂಪಿನಲ್ಲಿ ಅಂಕಪಟ್ಟಿ, ತಪ್ಪು ಮಾಡಿದವರ ಫೋಟೋ ಹಾಕುವಂತಿಲ್ಲ. ಸ್ಕೂಟರಿನಲ್ಲಿ ಒಬ್ಬರನ್ನೇ ಕರೆದೊಯ್ಯುವುದು, ಮುಚ್ಚಿದ ಕೋಣೆಯಲ್ಲಿ ಒಬ್ಬರ ಜೊತೆ ಕೂರುವುದು ಬೇಡ. ಸೆಪ್ಟೆಂಬರ್ 5ಕ್ಕೆ ಉಡುಗೊರೆ ತರಬಾರದೆಂದು ಆಗಸ್ಟ್ ಕೊನೆಗೇ ಹೇಳಿಬಿಡಿ. ತರಲಾಗದವರು ಆ ದಿನ ಹೊಟ್ಟೆನೋವೆಂದು ರಜೆ ಹಾಕುತ್ತಾರೆ.

ಬೇರೆ ಬೇರೆ ಧರ್ಮದ ಮಕ್ಕಳು ಒಟ್ಟಿಗೆ ಕೂತರೆ, ಒಟ್ಟಿಗೆ ಬಸ್ಸಿಗೆ ಹೋದರೆ ಅದನ್ನು ಗುಮಾನಿಯಿಂದ ನೋಡುವ ಚಟ ನಮ್ಮ ಊರಿನಲ್ಲಿ ಹೊರಗೆ ಸಾಕಷ್ಟಿದೆ. ತರಗತಿಯೊಳಗೆ ನೀವೂ ಅದನ್ನೇ ಮಾಡಿದರೆ ಮಕ್ಕಳಿಗೆ ಬೇರೆ ಜಾಗ ಉಳಿಯುವುದಿಲ್ಲ. ಕೂರುವ ಜಾಗವನ್ನು ತಿಂಗಳಿಗೊಮ್ಮೆ ಚೀಟಿ ಎತ್ತಿ ಬದಲಿಸಿ. ಯಾರು ಯಾರ ಪಕ್ಕ ಎಂಬುದನ್ನು ಚೀಟಿಯೇ ಹೇಳಲಿ.

ನಂಬಿಕೆ ಬೆಳೆದಂತೆ ಮಗು ಒಂದು ದಿನ "ಒಂದು ವಿಷಯ ಹೇಳ್ತೇನೆ, ಯಾರಿಗೂ ಹೇಳ್ಬಾರ್ದು" ಅನ್ನಬಹುದು. ಹಾಗೆ ಭಾಷೆ ಕೊಡಬೇಡಿ. "ನಿನಗೆ ತೊಂದರೆಯಾಗುವ ವಿಷಯವಾದರೆ ಸಹಾಯ ಮಾಡುವವರಿಗೆ ಹೇಳಬೇಕಾಗ್ತದೆ, ಉಳಿದವರಿಗೆ ಹೇಳುವುದಿಲ್ಲ" ಅನ್ನಿ. ಲೈಂಗಿಕ ಕಿರುಕುಳದ ವಿಷಯವಾದರೆ ಪೂರ್ತಿ ಕೇಳಿ, ಮತ್ತೆ ಮತ್ತೆ ಕೆದಕಬೇಡಿ, ಮಗುವಿನ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ಆರೋಪಿಯನ್ನು ನೀವೇ ಕರೆದು ವಿಚಾರಿಸಬೇಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದೇ ಇರುವುದೂ ಅಪರಾಧ. "ಶಾಲೆಯ ಹೆಸರು ಹಾಳಾಗುತ್ತದೆ" ಎಂದು ಯಾರು ಹೇಳಿದರೂ ಅದು ನಿಲ್ಲುವ ಕಾರಣವಲ್ಲ. ಮಕ್ಕಳ ಸಹಾಯವಾಣಿ 1098, ಯಾವ ಹೊತ್ತಿಗೂ.

ಶನಿವಾರದ ಹಾಳೆ

ವಾರಕ್ಕೊಮ್ಮೆ ಮಾಡಬೇಕಾದ್ದು ಒಂದಿದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ಹಾಜರಿ ಪುಸ್ತಕ ಮುಚ್ಚಿಟ್ಟು, ಖಾಲಿ ಹಾಳೆಯಲ್ಲಿ ತರಗತಿಯ ಎಲ್ಲರ ಹೆಸರು ನೆನಪಿನಿಂದ ಬರೆಯಿರಿ. ಮೊದಲ ಹತ್ತರಲ್ಲಿ ಉಷಾರಿನವರು ಮತ್ತು ತಂಟೆಕೋರರು ಬರುತ್ತಾರೆ. ಮೂವತ್ತೈದರ ಹತ್ತಿರ ಪೆನ್ ನಿಲ್ಲುತ್ತದೆ. ಆಮೇಲೆ ಹಾಜರಿ ಪುಸ್ತಕ ತೆರೆದು ಯಾರು ಬಿಟ್ಟುಹೋದರೆಂದು ನೋಡಿ. ಜೋರು ಮಾತಾಡದ, ತೊಂದರೆ ಕೊಡದ, ಎಪ್ಪತ್ತೆಂಬತ್ತು ಅಂಕ ತೆಗೆಯುವ ಮಗು ಅದು. ವಾರವಿಡೀ ಎದುರಿಗೇ ಕೂತಿತ್ತು. ಆ ಹೆಸರುಗಳನ್ನು ಬೇರೆ ಚೀಟಿಯಲ್ಲಿ ಬರೆದು ಸೋಮವಾರದ ಪುಟದೊಳಗೆ ಇಟ್ಟುಬಿಡಿ. ಬೆಳಿಗ್ಗೆ ಬಾಗಿಲಲ್ಲಿ ನಿಂತಾಗ ಅವರಿಗೆ ಹೆಸರಿನ ಜೊತೆ ಇನ್ನೊಂದು ಮಾತು ಸೇರಿಸಿ: ಹೊಸ ಕೊಡೆಯಾ, ತಮ್ಮನ ಜ್ವರ ಬಿಟ್ಟಿತಾ, ನಿನ್ನೆ ಎಲ್ಲಿಗೆ ಹೋಗಿದ್ದಿರಿ.